ಕಯೋಟಿ ಊಳಿಡುತ್ತದೆ, ಕರೆದರೆ ಹತ್ತಿರ ಬರುವುದಿಲ್ಲ: ಅರಿಜೋನಾದ ಬಿಎಲ್‌ಎಂ ಜಮೀನಿನಲ್ಲಿ ಎಲ್ಲಿ ಎಡವಟ್ಟಾಗುತ್ತಿದೆ?

ಚಾಂಡ್ಲರ್_ಹೈದ:

ಎಲ್ಲರಿಗೂ ನಮಸ್ಕಾರ. ಕಯೋಟಿ (ತೋಳದ ಜಾತಿಯ ಇಲ್ಲಿನ ಚಿಕ್ಕ ಕಾಡುಪ್ರಾಣಿ) ಶಿಕಾರಿ ಮಾಡಿ ಗೊತ್ತಿರುವವರು ಸ್ವಲ್ಪ ನೋಡಿ.

ಜನವರಿಯ ಲಾಂಗ್ ವೀಕೆಂಡ್‌ಗೆ ನಾನು, ನನ್ನ ಗೆಳೆಯ ಟ್ರಕ್ ತುಂಬಿಕೊಂಡು ಹೊರಟೆವು. ಫೀನಿಕ್ಸ್‌ನಿಂದ ವಿಕನ್‌ಬರ್ಗ್, ಅಲ್ಲಿಂದ ಯುಎಸ್ 93 ಹಿಡಿದು ಕಿಂಗ್‌ಮನ್ ದಿಕ್ಕಿಗೆ. ಬರ್ರೋ ಕ್ರೀಕ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಬಿಡಾರ. ಹಗಲೆಲ್ಲ ವಿಕಿಅಪ್ ಸುತ್ತಲಿನ ಬಿಎಲ್‌ಎಂ (ಫೆಡರಲ್ ಸರ್ಕಾರದ ಸಾರ್ವಜನಿಕ ಜಮೀನು ನೋಡಿಕೊಳ್ಳುವ ಇಲಾಖೆ) ಜಮೀನಿನಲ್ಲಿ ಓಡಾಟ.

ರಾತ್ರಿ ಟೆಂಟ್‌ನಲ್ಲಿ ಮಲಗಿದರೆ ನಾಲ್ಕೂ ದಿಕ್ಕಿನಿಂದ ಊಳು. ಅಂದರೆ ಕಯೋಟಿಗೇನೂ ಬರ ಇಲ್ಲ. ಬೆಳಗ್ಗೆ ಕೂತು ಕರೆದರೆ ಮಾತ್ರ ಒಂದೂ ಹತ್ತಿರ ಸುಳಿಯುವುದಿಲ್ಲ.

ನಾವು ಮಾಡಿದ್ದು ಇಷ್ಟು. ಒಂದು ಸಣ್ಣ ಗುಡ್ಡ ಹತ್ತುವುದು, ಕಣಿವೆಗೆ ಮುಖ ಮಾಡಿ ಇಬ್ಬರೂ ಅಕ್ಕಪಕ್ಕ ಕೂರುವುದು. ಇ-ಕಾಲರ್ (ಪ್ರಾಣಿಯ ಸದ್ದು ಹಾಕಿ ಕರೆಯುವ ಸ್ಪೀಕರ್) ಹತ್ತು ಹೆಜ್ಜೆ ಮುಂದೆ. ಜ್ಯಾಕ್‌ರ‍್ಯಾಬಿಟ್ ಸಿಕ್ಕಿಬಿದ್ದು ಕಿರುಚುವ ಸದ್ದು ಹಾಕಿದ್ದೆವು. ರೈಫಲ್ .223, 200 ಗಜಕ್ಕೆ ಜೀರೋ ಮಾಡಿದ್ದು (ಆ ದೂರಕ್ಕೆ ಗುರಿ ಹೊಂದಿಸಿದ್ದು). ಗಾಳಿ ಮುಖಕ್ಕೆ ಬೀಸುವ ಹಾಗೆ ನೋಡಿಕೊಂಡೇ ಕೂತಿದ್ದು. ಊರಿನಲ್ಲಿ ಶಿಕಾರಿ ಕಂಡ ಹಿರಿಯರೆಲ್ಲ ಹೇಳುವುದು ಅದೇ ಅಲ್ವಾ?

ಒಂದು ಕಯೋಟಿ 400 ಗಜದಾಚೆ ದಿಬ್ಬದ ಮೇಲೆ ನಿಂತು ನಮ್ಮನ್ನೇ ನೋಡಿ ಬೊಗಳಿತು. ಬೊಗಳುತ್ತಲೇ ಊಳಿಟ್ಟು ಹೋಯಿತು. ಇನ್ನೊಂದು ಕ್ರಿಯೊಸೋಟ್ ಪೊದೆಗಳ ನಡುವೆ ನೇರ ನಮ್ಮ ಕಡೆಗೇ ಓಡಿ ಬರುತ್ತಿತ್ತು. ತಗ್ಗಿಗೆ ಇಳಿದದ್ದು ಕಂಡಿತು, ಮೇಲೆ ಬರಲೇ ಇಲ್ಲ. ಸದ್ದಿನದ್ದೇ ತೊಂದರೆಯಾ? ಬೇರೆ ಕಾಲರ್ ತಗೋಬೇಕಾ?

ಗ್ಯಾಜೆಟ್_ಗೌಡ:

ಗುರು, ಕಾಲರ್ ಬದಲಾಯಿಸಿ. ಆ ಮೊಲದ ಸದ್ದು ಅಲ್ಲಿನ ಕಯೋಟಿಗೆಲ್ಲ ಬಾಯಿಪಾಠ ಆಗಿದೆ. ವೀಕೆಂಡ್ ಬಂದರೆ ಅರ್ಧ ಫೀನಿಕ್ಸ್ ಅಲ್ಲೇ ಇರುತ್ತದೆ. ಜೊತೆಗೆ ಬಾಲ ಅಲ್ಲಾಡಿಸುವ ಡಿಕಾಯ್ (ಕಣ್ಣು ಸೆಳೆಯುವ ನಕಲಿ ಪ್ರಾಣಿ) ಒಂದು ತಗೊಳ್ಳಿ.

ಟೂಸಾನ್_ಅಜ್ಜ:

ದುಡ್ಡು ಆಮೇಲೆ ಖರ್ಚು ಮಾಡಿ. ಮೊದಲು ಇದಕ್ಕೆ ಉತ್ತರ ಹೇಳಿ ಹೈದ. ಟ್ರಕ್ ಎಲ್ಲಿ ನಿಲ್ಲಿಸಿದ್ದಿರಿ? ಗುಡ್ಡದ ನೆತ್ತಿಯ ಮೇಲೆ ನಡೆದು ಹೋದಿರೋ, ಸುತ್ತಿಕೊಂಡು ಹೋದಿರೋ? ಬೆನ್ನ ಹಿಂದೆ ಏನಿತ್ತು, ಬಯಲೋ ಹಳ್ಳವೋ? ಒಂದೊಂದು ಕಡೆ ಎಷ್ಟು ಹೊತ್ತು ಕೂತಿರಿ?

ನಿಮ್ಮ ಎರಡು ಕಯೋಟಿಗಳ ಕಾಯಿಲೆ ಬೇರೆ ಬೇರೆ. ದೂರ ನಿಂತು ಬೊಗಳಿದ್ದು ನಿಮ್ಮನ್ನು ಕಂಡಿದೆ. ಸದ್ದಿಲ್ಲದೆ ಮಾಯವಾದದ್ದು ನಿಮ್ಮ ವಾಸನೆ ಹಿಡಿದಿದೆ. ಎರಡಕ್ಕೂ ಒಂದೇ ಮದ್ದು ಹುಡುಕಬೇಡಿ.

ಚಾಂಡ್ಲರ್_ಹೈದ:

ಟ್ರಕ್ ಗುಡ್ಡದ ಹಿಂದೆ ರಸ್ತೆ ಬದಿಯಲ್ಲಿತ್ತು, ಕೂತ ಜಾಗದಿಂದ 150 ಗಜ ಇರಬಹುದು. ನೆತ್ತಿ ದಾಟಿಕೊಂಡೇ ಹೋದೆವು, ಬೇರೆ ದಾರಿ ಇರಲಿಲ್ಲ. ಬೆನ್ನ ಹಿಂದೆ ಮರಳಿನ ಒಣ ಹಳ್ಳ. ಅಲ್ಲಿಗೆ ನಮ್ಮ ಕಣ್ಣು ಹೋಗುತ್ತಿರಲಿಲ್ಲ. ಒಂದು ಜಾಗದಲ್ಲಿ ಸುಮಾರು ಮುಕ್ಕಾಲು ಗಂಟೆ.

ಟೂಸಾನ್_ಅಜ್ಜ:

ಸರಿ, ಚಿತ್ರ ಸಿಕ್ಕಿತು.

‘ಗಾಳಿ ಮುಖಕ್ಕಿರಲಿ’ ಅನ್ನುವುದು ಪ್ರಾಣಿಯ ಹತ್ತಿರಕ್ಕೆ ನಾವು ನಡೆದು ಹೋಗುವಾಗಿನ ಮಾತು. ಅಲ್ಲಿ ಪ್ರಾಣಿ ತನ್ನ ಪಾಡಿಗೆ ಮೇಯುತ್ತಿರುತ್ತದೆ, ನಾವು ಅದರ ಕಡೆ ಹೋಗುತ್ತೇವೆ. ಇಲ್ಲಿ ಲೆಕ್ಕ ತಿರುವುಮುರುವು. ನಾವು ಕೂತಿರುತ್ತೇವೆ, ಅದು ಬರುತ್ತದೆ. ಕಯೋಟಿ ಕಿವಿಯನ್ನು ಅರ್ಧ ನಂಬುತ್ತದೆ, ಮೂಗನ್ನು ಪೂರ್ತಿ ನಂಬುತ್ತದೆ. ಸದ್ದು ಕೇಳಿದ ಕೂಡಲೇ ಹೊರಡುತ್ತದೆ, ಆದರೆ ಕೊನೆಯ ನೂರಿನ್ನೂರು ಗಜದಲ್ಲಿ ಬಳಸಿಕೊಂಡು, ಗಾಳಿ ಬೀಸಿ ಹೋಗುವ ಕಡೆಗೆ ಬಂದು ಮೂಸಿ ನೋಡುತ್ತದೆ. ನಿಮ್ಮ ಮುಖಕ್ಕೆ ಗಾಳಿ ಇದ್ದರೆ ಆ ಜಾಗ ಯಾವುದು? ನಿಮ್ಮ ಬೆನ್ನು. ಅಲ್ಲೇ ಆ ಹಳ್ಳ, ಅಲ್ಲೇ ಟ್ರಕ್ಕಿನ ಡೀಸೆಲ್ ವಾಸನೆ. ತಗ್ಗಿಗೆ ಇಳಿದದ್ದು ಎಲ್ಲಿಗೂ ಓಡಿಹೋಗಿರಲಿಕ್ಕಿಲ್ಲ. ನಿಮ್ಮ ಹಿಂದೆ ಬಂದು, ನೋಡಿಕೊಂಡು ಹೋಗಿದೆ.

ಸುಮ್ನೆ ನನ್ನ ಮಾತು ನಂಬಬೇಡಿ. ಮುಂದಿನ ಸಲ ಎದ್ದ ಮೇಲೆ ಆ ಹಳ್ಳದ ಮರಳಿಗೆ ಇಳಿದು ಹೆಜ್ಜೆ ನೋಡಿ.

ಕೂರುವ ರೀತಿ ಹೀಗೆ ಬದಲಾಯಿಸಿ. ಗಾಳಿ ಎಡದಿಂದ ಬಲಕ್ಕೆ ಅಡ್ಡ ಬೀಸುತ್ತಿದೆ ಅಂದುಕೊಳ್ಳಿ. ಇ-ಕಾಲರ್ ನಿಮ್ಮ ಮುಂದೆ ಎಡಕ್ಕೆ, 60-70 ಗಜ ದೂರ ಇಡಿ. ಕಯೋಟಿ ಕಾಲರ್‌ನ ವಾಸನೆ ಹಿಡಿಯಲು ಅದರ ಬಲಕ್ಕೆ ಬರಬೇಕು. ಅಂದರೆ ನಿಮ್ಮ ಕಣ್ಣೆದುರಿಗೇ. ನಿಮ್ಮ ವಾಸನೆ ಬಲಕ್ಕೆ ತೇಲಿ ಹೋಗುತ್ತಿರುತ್ತದೆ, ಅಲ್ಲಿಗೆ ಅದು ತಲುಪುವ ಮೊದಲು ನಿಮಗೆ ಹೊತ್ತು ಸಿಗುತ್ತದೆ. ಇಬ್ಬರಿದ್ದೀರಲ್ಲ, ಗೆಳೆಯನನ್ನು ನಿಮ್ಮ ಬಲಕ್ಕೆ 40-50 ಗಜ ದೂರ ಕೂರಿಸಿ. ಕೈಗೆ 12 ಬೋರಿನ ಶಾಟ್‌ಗನ್ ಕೊಡಿ. ತಪ್ಪಿಸಿಕೊಂಡು ಬಳಸಿ ಬರುವುದೆಲ್ಲ ಅವನ ಪಾಲು. ಕೂರುವ ಮೊದಲೇ ಕೈ ಚಾಚಿ ತೋರಿಸಿ ಮಾತಾಡಿಕೊಳ್ಳಿ: ಇಲ್ಲಿಂದ ಇಲ್ಲಿಗೆ ನನ್ನದು, ಅಲ್ಲಿಂದಾಚೆ ನಿನ್ನದು. ಒಬ್ಬರು ಕೂತ ಸಾಲಿನ ಕಡೆ ಇನ್ನೊಬ್ಬರ ನಳಿಗೆ ತಿರುಗಕೂಡದು, ಕಯೋಟಿ ಕಾಲ ಮೇಲೆ ಬಂದು ಬಿದ್ದರೂ ಸರಿ.

ಇನ್ನು ಗಾಳಿ. ಮೊಬೈಲ್ ಹೇಳುವ ಗಾಳಿ ಕಿಂಗ್‌ಮನ್ ಏರ್‌ಪೋರ್ಟಿನದ್ದು, ನಿಮ್ಮ ಹಳ್ಳದ್ದಲ್ಲ. ಬಿಸಿಲು ಬೀಳುವ ಮೊದಲು ತಂಪು ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಗುಡ್ಡ ಕಾದ ಮೇಲೆ ಮೇಲಕ್ಕೆ ಏರುತ್ತದೆ. ಏಳು ಗಂಟೆಗೆ ಸರಿಯಿದ್ದ ಜಾಗ ಹತ್ತಕ್ಕೆ ಕೆಟ್ಟಿರುತ್ತದೆ. ಸಣ್ಣ ಡಬ್ಬಿಯಲ್ಲಿ ಟಾಲ್ಕಂ ಪೌಡರ್ ಇಟ್ಟುಕೊಂಡು ಆಗಾಗ ಚಿಮುಕಿಸಿ ನೋಡಿ. ನಾನು ವಿಭೂತಿ ಪೊಟ್ಟಣ ಇಟ್ಟುಕೊಂಡಿದ್ದೇನೆ, ಮನೆಯವಳಿಗೆ ಗೊತ್ತಿಲ್ಲ.

ಉಳಿದದ್ದು ಚಿಕ್ಕಪುಟ್ಟದ್ದು. ಟ್ರಕ್ ತಗ್ಗಿನಲ್ಲಿ ಮರೆಮಾಡಿ, ಬಾಗಿಲು ಧಡಾರ್ ಅನ್ನಿಸಬೇಡಿ, ಕಾಲು ಮೈಲಿಯಾದರೂ ನಡೆಯಿರಿ. ನೆತ್ತಿಯ ಮೇಲೆ ಆಕಾಶಕ್ಕೆ ಎದ್ದು ಕಾಣುವ ಹಾಗೆ ಹೋಗಬೇಡಿ. ಬೊಗಳಿದ್ದರ ಕಥೆ ಇಷ್ಟೇ. ಪೊದೆಯ ಹಿಂದೆ ಅಡಗುವುದಕ್ಕಿಂತ ಪೊದೆಗೆ ಬೆನ್ನು ಕೊಟ್ಟು ನೆರಳಲ್ಲಿ ಕೂರಿ, ಸೂರ್ಯ ಹಿಂದಿರಲಿ. ಸದ್ದು ಸಣ್ಣದಾಗಿ ಶುರು ಮಾಡಿ. ಇಪ್ಪತ್ತು ನಿಮಿಷ ಸಾಕು, ಬರದಿದ್ದರೆ ಎದ್ದು ಒಂದು ಮೈಲಿಗಿಂತ ಜಾಸ್ತಿ ದೂರ ಹೋಗಿ ಮತ್ತೆ ಕೂರಿ.

ಗೌಡರೇ, ಡಿಕಾಯ್ ವಿಷಯದಲ್ಲಿ ನಿಮ್ಮ ಮಾತು ಸರಿ. ಕಯೋಟಿಯ ಕಣ್ಣು ಅದರ ಮೇಲೆ ಇದ್ದಷ್ಟು ಹೊತ್ತು ನಮ್ಮ ಮೇಲೆ ಇರುವುದಿಲ್ಲ.

ರೀನೋ_ಕೊಡಗು:

ಅಜ್ಜ ಶಾಟ್‌ಗನ್ ಕೊಡಿಸಿಬಿಟ್ಟರು, ನಾನು ಒಂದು ಪ್ರಶ್ನೆ ಕೇಳುತ್ತೇನೆ. ಹೈದ, ನಿಮ್ಮ ಗೆಳೆಯ ಯಾವ ವೀಸಾದಲ್ಲಿದ್ದಾರೆ?

ಚಾಂಡ್ಲರ್_ಹೈದ:

ನಾನು ಗ್ರೀನ್ ಕಾರ್ಡ್, ಅವನು ಎಚ್-1ಬಿ. ಯಾಕೆ ಅಕ್ಕಾ, ತೊಂದರೆ ಇದೆಯಾ?

ರೀನೋ_ಕೊಡಗು:

ಇರಬಹುದು, ಅದಕ್ಕೇ ಕೇಳಿದೆ. ಫೆಡರಲ್ ಕಾನೂನಿನಲ್ಲಿ (18 ಯುಎಸ್‌ಸಿ 922) ನಾನ್-ಇಮಿಗ್ರಂಟ್ ವೀಸಾದಲ್ಲಿ ಬಂದವರು ಕೋವಿ ಇಟ್ಟುಕೊಳ್ಳುವಂತಿಲ್ಲ, ತೋಟಾನೂ ಇಟ್ಟುಕೊಳ್ಳುವಂತಿಲ್ಲ. ಎಚ್-1ಬಿ, ಎಚ್-4, ಎಫ್-1 ಎಲ್ಲ ಅದರಲ್ಲೇ ಬಂತು. ಇದಕ್ಕಿರುವ ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಆಗಿಬರುವುದು ಒಂದು: ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಹಂಟಿಂಗ್ ಲೈಸೆನ್ಸ್ ಕೈಯಲ್ಲಿರಬೇಕು, ಅದರ ಅವಧಿ ಮುಗಿದಿರಬಾರದು. ಗ್ರೀನ್ ಕಾರ್ಡ್ ಇರುವ ನಿಮಗೆ ಈ ತಡೆ ಇಲ್ಲ.

ಅರಿಜೋನಾದಲ್ಲಿ ಕಯೋಟಿಗೆ ವರ್ಷವಿಡೀ ಸೀಸನ್ ಇದ್ದರೂ ಲೈಸೆನ್ಸ್ ಬೇಕೇ ಬೇಕು. ಅದು ಕೊಂಡ ದಿನದಿಂದ ಒಂದು ವರ್ಷ ನಡೆಯುತ್ತದೆ. ಎಡವಟ್ಟಾಗುವುದು ಆಮೇಲೆ. ಸೀಸನ್ ಮುಗಿಯಿತು ಅಂತ ಲೈಸೆನ್ಸ್ ಮರೆತಿರುತ್ತಾರೆ, ಕೋವಿ ಮಾತ್ರ ಮನೆಯ ಕ್ಲೋಸೆಟ್‌ನಲ್ಲಿ ಕೂತಿರುತ್ತದೆ. ಅವತ್ತಿಗೆ ಅದು ಫೆಡರಲ್ ಅಪರಾಧ. ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವ ಹುಡುಗರು ಇಂಥದ್ದರಲ್ಲಿ ಸಿಕ್ಕಿಹಾಕಿಕೊಳ್ಳಬಾರದು. ಗೆಳೆಯನಿಗೆ ಒಂದು ಸಲ ಇಮಿಗ್ರೇಶನ್ ಲಾಯರ್ ಹತ್ತಿರ ಕೇಳಲು ಹೇಳಿ.

ಮಲ್ಲಿಗೆ_ಮನೆ:

ತಿನ್ನದ ಪ್ರಾಣಿಯನ್ನು ಕೊಲ್ಲಲು ಇಷ್ಟೊಂದು ತಯಾರಿಯಾ? ಊರಿನಲ್ಲಾಗಿದ್ದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಒಳಗೆ ಹಾಕುತ್ತಿದ್ದರು.

ಟೂಸಾನ್_ಅಜ್ಜ:

ಹಾಕುತ್ತಿದ್ದರು, ಸರಿಯೇ. ಇಲ್ಲಿ ಕಾನೂನು ಬೇರೆ. ನಾನು ಇದನ್ನು ದೊಡ್ಡ ಸೇವೆ ಅಂತ ಹೇಳುವವನಲ್ಲ. ಕರು ಹಾಕುವ ಕಾಲದಲ್ಲಿ ರ‍್ಯಾಂಚ್‌ನವರಿಗೆ ಉಪಕಾರ ಆಗುತ್ತದೆ. ಆದರೆ ನಮ್ಮಂಥ ವೀಕೆಂಡ್ ಶಿಕಾರಿಯವರಿಂದ ಕಯೋಟಿ ಸಂಖ್ಯೆ ಇಳಿಯುವುದಿಲ್ಲ, ಖಾಲಿಯಾದ ಜಾಗಕ್ಕೆ ಬೇರೆ ಕಯೋಟಿ ಬಂದು ಸೇರುತ್ತದೆ. ಬಹುಮಾನ ಇಟ್ಟು ಎಣಿಸಿ ಕೊಲ್ಲುವ ಸ್ಪರ್ಧೆಗಳನ್ನು ಅರಿಜೋನಾ 2019ರಲ್ಲಿ ನಿಲ್ಲಿಸಿತು, ಒಳ್ಳೆಯದೇ ಮಾಡಿತು. ಉಳಿದ ವಾದಕ್ಕೆ ಬೇರೆ ಥ್ರೆಡ್ ತೆರೆಯಿರಿ ತಾಯಿ, ಅಲ್ಲಿಗೂ ಬರುತ್ತೇನೆ.

ಮ್ಯಾಪ್_ಮೇಷ್ಟ್ರು:

ಜಮೀನಿನ ಬಗ್ಗೆ ಯಾರೂ ಹೇಳಲಿಲ್ಲ. ವಿಕಿಅಪ್‌ನಿಂದ ಕಿಂಗ್‌ಮನ್‌ವರೆಗೆ ಮ್ಯಾಪ್‌ನಲ್ಲಿ ಹಳದಿ ಇದ್ದರೆ ಬಿಎಲ್‌ಎಂ, ನೀಲಿ ಇದ್ದರೆ ಸ್ಟೇಟ್ ಟ್ರಸ್ಟ್ (ರಾಜ್ಯದ ಜಮೀನು), ಬಿಳಿ ಇದ್ದರೆ ಖಾಸಗಿ. ಕಿಂಗ್‌ಮನ್ ದಾಟಿ ಸೆಲಿಗ್‌ಮನ್ ಕಡೆ ಹೋದರೆ ಚದುರಂಗದ ಮಣೆ. ರೈಲ್ವೆಯವರಿಗೆ 19ನೇ ಶತಮಾನದಲ್ಲಿ ಒಂದು ಬಿಟ್ಟು ಒಂದು ಚದರ ಮೈಲಿ ಕೊಟ್ಟದ್ದರ ಫಲ ಅದು. ಸ್ಟೇಟ್ ಟ್ರಸ್ಟ್ ಜಮೀನಿಗೆ ಶಿಕಾರಿಗೆ ಅಂತ ಹೋಗಲು ನಿಮ್ಮ ಹಂಟಿಂಗ್ ಲೈಸೆನ್ಸೇ ಸಾಕು. ಆದರೆ ಅಲ್ಲಿ ಡಬ್ಬಿ ಇಟ್ಟು ಗುರಿ ಅಭ್ಯಾಸ ಮಾಡುವಂತಿಲ್ಲ. ರೈಫಲ್ ಜೀರೋ ನೋಡುವುದಿದ್ದರೆ ಬೇರೆ ಕಡೆ ಮುಗಿಸಿಕೊಂಡು ಹೋಗಿ. ಜನ ಇರುವ ಮನೆಯಿಂದ ಕಾಲು ಮೈಲಿ ಒಳಗೆ ಅವರ ಒಪ್ಪಿಗೆ ಇಲ್ಲದೆ ಗುಂಡು ಹಾರಿಸುವಂತಿಲ್ಲ. ರಸ್ತೆಯಿಂದಲೂ ಇಲ್ಲ, ರಸ್ತೆಗೆ ಅಡ್ಡಲಾಗಿಯೂ ಇಲ್ಲ. ದನ ನೀರು ಕುಡಿಯುವ ತೊಟ್ಟಿಯ ಪಕ್ಕ ಟೆಂಟ್ ಹಾಕಬೇಡಿ, ಅದಕ್ಕೂ ಕಾಲು ಮೈಲಿಯ ನಿಯಮ ಇದೆ. ಗೇಟು ಹೇಗಿತ್ತೋ ಹಾಗೆ ಬಿಟ್ಟು ಬನ್ನಿ.

ಚಾಂಡ್ಲರ್_ಹೈದ:

ಹೋಗಿ ಬಂದೆವು! ಮೊದಲು ಗೆಳೆಯನ ವಿಷಯ: ಲೈಸೆನ್ಸ್ ಇದೆ, ಜುಲೈವರೆಗೆ ನಡೆಯುತ್ತದೆ. ಕ್ಯಾಲೆಂಡರ್‌ನಲ್ಲಿ ರಿಮೈಂಡರ್ ಹಾಕಿಸಿದೆ. ಥ್ಯಾಂಕ್ಸ್ ಅಕ್ಕಾ.

ಅಜ್ಜ ಹೇಳಿದ್ದನ್ನು ಪರೀಕ್ಷೆ ಮಾಡೋಣ ಅಂತ ಬೇಕೆಂದೇ ಹಳೆಯ ಗುಡ್ಡದಲ್ಲಿ, ಹಳೆಯ ಹಾಗೆಯೇ ಕೂತೆವು. ಏನೂ ಕಾಣಲಿಲ್ಲ. ಎದ್ದು ಹಿಂದಿನ ಹಳ್ಳಕ್ಕೆ ಇಳಿದೆವು. ಬೆಳಗ್ಗೆ ನಾವೇ ನಡೆದು ಬಂದ ಬೂಟಿನ ಗುರುತು ಮರಳಿನಲ್ಲಿ ಹಾಗೇ ಇತ್ತು. ಅದರ ಮೇಲೆ ಕಯೋಟಿ ಹೆಜ್ಜೆ. ಮೊಟ್ಟೆಯ ಆಕಾರ, ಮುಂದೆ ಎರಡು ಉಗುರಿನ ಚುಕ್ಕೆ, ದಾರ ಹಿಡಿದು ಇಟ್ಟ ಹಾಗೆ ಒಂದರ ಮುಂದೆ ಒಂದು. ಒಂದು ಕಡೆ ಮುಂಗಾಲು ಎರಡೂ ಜೊತೆಯಾಗಿ ಊರಿ ನಿಂತಿದೆ. ಅಲ್ಲಿಂದ ತಿರುಗಿದ ಹೆಜ್ಜೆಗಳ ನಡುವಿನ ದೂರ ಎರಡರಷ್ಟು, ಪ್ರತಿ ಹೆಜ್ಜೆಯ ಹಿಂದೆ ಮರಳು ಎರಚಿದೆ. ನಾವು ಕೂತ ಜಾಗದಿಂದ ಅಲ್ಲಿಗೆ 80 ಗಜ ಅಷ್ಟೇ! ನಾವು ಕಣಿವೆ ನೋಡುತ್ತಾ ಕೂತಿದ್ದಾಗ ಅದು ನಮ್ಮ ಬೆನ್ನು ನೋಡುತ್ತಾ ನಿಂತಿತ್ತು.

ಆಮೇಲೆ ಮುಂದಿನ ಕಣಿವೆಗೆ ಹೋಗಿ ಗಾಳಿ ಅಡ್ಡ ಇರುವ ಹಾಗೆ ಕೂತೆವು. ಕಾಲರ್ ಎಡಕ್ಕೆ, ಗೆಳೆಯ ಬಲಕ್ಕೆ. ಹತ್ತು ನಿಮಿಷ ಆಗಿರಲಿಲ್ಲ, ಎದುರಿನ ಬದುವಿನಿಂದ ಒಂದು ಇಳಿಯಿತು. ಕಾಲರ್ ಕಡೆ ಬರುತ್ತಾ ಬರುತ್ತಾ, ಯಾರೋ ಹೇಳಿಕೊಟ್ಟ ಹಾಗೆ ಗಾಳಿ ಬೀಸಿ ಹೋಗುವ ಕಡೆಗೆ ತಿರುಗಿಕೊಂಡಿತು. ನನ್ನ ರೈಫಲ್‌ಗೆ ಅಡ್ಡ ಪೊದೆ. ಅದು ಗೆಳೆಯನ ಎದುರಿಗೇ ಹೋಯಿತು. ಅವನು ಬಾಯಿಯಲ್ಲೇ ‘ವೂಫ್’ ಅಂದ, ನಿಂತು ತಲೆ ಎತ್ತಿತು. 35 ಗಜ, ಒಂದೇ ಏಟು.

ಈಗ ಎರಡು ಪ್ರಶ್ನೆ. ಚರ್ಮ ಸುಲಿಯುವಾಗ ನೋಡಬೇಕಾದ್ದು ಏನಾದರೂ ಇದೆಯಾ? ಫೆಬ್ರವರಿಯಲ್ಲಿ ಶೋ ಲೋ ಕಡೆ, ವೈಟ್ ಮೌಂಟನ್ಸ್‌ಗೆ ಹೋಗೋಣ ಅಂತಿದ್ದೇವೆ. ಅಲ್ಲೂ ಇದೇ ಲೆಕ್ಕವಾ?

ಟೂಸಾನ್_ಅಜ್ಜ:

ಭೇಷ್. ಆ ಹೆಜ್ಜೆಯ ಫೋಟೋ ಇದ್ದರೆ ಹಾಕಿ, ಹೊಸಬರಿಗೆ ಉಪಯೋಗ ಆಗುತ್ತದೆ.

ಕೈಗವಸು ಇಲ್ಲದೆ ಮುಟ್ಟಬೇಡಿ. ಮೈ ತಣ್ಣಗಾಗುತ್ತಿದ್ದ ಹಾಗೆ ಚಿಗಟ ಇಳಿದು ಬಿಸಿ ಮೈ ಹುಡುಕುತ್ತವೆ, ಅಂದರೆ ನಿಮ್ಮನ್ನು. ಉತ್ತರ ಅರಿಜೋನಾದಲ್ಲಿ ಪ್ಲೇಗ್ ಈಗಲೂ ಇದೆ, ಅದು ಹೆಚ್ಚಾಗಿ ಹರಡುವುದು ಚಿಗಟದಿಂದ. ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚಿಗಟದ ಸ್ಪ್ರೇ ಹೊಡೆದು ಬಾಯಿ ಕಟ್ಟಿ, ಸ್ವಲ್ಪ ಹೊತ್ತು ಬಿಟ್ಟು ಸುಲಿಯಿರಿ. ಮರುಭೂಮಿಯ ಚರ್ಮ ತೆಳು, ಉತ್ತರದವರ ಕಯೋಟಿಯ ಹಾಗೆ ಬೆಲೆ ಸಿಗುವುದಿಲ್ಲ.

ಶೋ ಲೋ ಕಡೆ ಗಾಳಿಯ ಲೆಕ್ಕ ಇದೇ. ಫೆಬ್ರವರಿ ಅವುಗಳ ಜೋಡಿಯಾಗುವ ಕಾಲ, ಮೊಲದ ಸದ್ದಿಗಿಂತ ಊಳಿನ ಸದ್ದಿಗೆ ಚೆನ್ನಾಗಿ ಬರುತ್ತವೆ. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿರಲಿ. ಅದು ಮೆಕ್ಸಿಕನ್ ತೋಳದ ಸೀಮೆ, 1998ರಲ್ಲಿ ಮತ್ತೆ ತಂದು ಬಿಟ್ಟದ್ದು. ಫೆಡರಲ್ ರಕ್ಷಣೆ ಇರುವ ಪ್ರಾಣಿ. ಊಳಿನ ಸದ್ದಿಗೆ ಅದೂ ನೋಡಲು ಬರಬಹುದು. ಕಯೋಟಿ 20-30 ಪೌಂಡ್ ತೂಗಿದರೆ ತೋಳ 50ರಿಂದ 80. ತೋಳದ ಮೂತಿ ಅಗಲ, ಕಿವಿ ದುಂಡಗೆ, ಕಾಲು ಉದ್ದ. ಕೆಲವಕ್ಕೆ ಕುತ್ತಿಗೆಯಲ್ಲಿ ರೇಡಿಯೋ ಪಟ್ಟಿ ಇರುತ್ತದೆ, ಎಲ್ಲಕ್ಕೂ ಇರುವುದಿಲ್ಲ. ಸ್ಕೋಪ್‌ನಲ್ಲಿ ಗುರುತು ಹಿಡಿಯಬೇಡಿ, ಬೈನಾಕ್ಯುಲರ್ ಒಯ್ಯಿರಿ. ಚೂರು ಅನುಮಾನ ಬಂದರೂ ಟ್ರಿಗರ್‌ನಿಂದ ಬೆರಳು ತೆಗೆಯಿರಿ. ಮತ್ತೆ ಅಲ್ಲಿ ಹಿಮ ಬೀಳುತ್ತದೆ, ಟೈರ್ ಚೈನ್ ಮರೆಯಬೇಡಿ.