ಕಿಬುನೆಯಲ್ಲಿ ಹೊಳೆಯ ಮೇಲೆ ಊಟ: ಹೋಗಿ ಬಂದವರು ಹೇಳಿ

ಜುಲೈನಲ್ಲಿ ನಾವು ಐದು ಜನ ಗೆಳತಿಯರು ಕ್ಯೋಟೋಗೆ ಹೋಗುತ್ತಿದ್ದೇವೆ. ಅಲ್ಲಿ ಕಿಬುನೆ ಅನ್ನುವ ಊರಲ್ಲಿ ಹರಿಯುವ ಹೊಳೆಯ ಮೇಲೇ ಜಗಲಿ ಹಾಕಿ ಊಟ ಬಡಿಸುತ್ತಾರಂತೆ. ಫೋಟೋ ನೋಡಿದಾಗಿನಿಂದ ಅದೇ ಧ್ಯಾನ. ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು. ಹೋಗಬಹುದಾ?

ಹೋಗಿ ಬಂದವಳು

ಖಂಡಿತ ಹೋಗಿ. ಆ ಜಗಲಿಗೆ ಕವಾದೊಕೊ ಅನ್ನುತ್ತಾರೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಇರುತ್ತದೆ. ಕ್ಯೋಟೋ ಪೇಟೆಯಲ್ಲಿ ಕಾಮೊ ನದಿಯ ಪಕ್ಕದಲ್ಲೂ ಇಂಥವು ಇವೆ, ಆದರೆ ಅವು ದಡದ ಮೇಲೆ ಎತ್ತರದಲ್ಲಿವೆ. ಕಿಬುನೆಯಲ್ಲಿ ನೀರು ನಿಮ್ಮ ಚಾಪೆಯ ಕೆಳಗೇ ಹರಿಯುತ್ತದೆ. ತಲೆಯ ಮೇಲೆ ಬಿದಿರಿನ ತಟ್ಟಿ, ಕಾಗದದ ದೀಪಗಳು, ಎರಡೂ ಕಡೆ ಕಾಡು. ಪೇಟೆಯಲ್ಲಿ ಬೆವರಿ ಸುಸ್ತಾಗಿದ್ದ ನಾವು ಇಲ್ಲಿ ಶಾಲು ಹೊದ್ದು ಕೂತೆವು! ಊಟ ಬರುವವರೆಗೂ ಯಾರೂ ಮಾತಾಡಲಿಲ್ಲ, ಸುಮ್ನೆ ನೀರು ನೋಡುತ್ತಿದ್ದೆವು.

ಕ್ಯೋಟೋದ ದೆಮಾಚಿಯಾನಗಿ ನಿಲ್ದಾಣದಿಂದ ಎಯ್‌ಜಾನ್ ರೈಲು ಹಿಡಿಯಿರಿ. ಅರ್ಧ ಗಂಟೆಗೆ ಕಿಬುನೆಗುಚಿ ನಿಲ್ದಾಣ. ಅಲ್ಲಿಂದ ಎರಡು ಕಿಲೋಮೀಟರ್, ಬಸ್ಸೂ ಇದೆ. ಮಳೆ ಬಂದರೆ ಒಳಗೆ ಕೂರಿಸುತ್ತಾರೆ. ನಮಗೂ ಅರ್ಧ ಊಟಕ್ಕೆ ಹಾಗೇ ಆಯಿತು, ತುಂಬಾ ಬೇಜಾರಾಯಿತು. ಒಂದು ದಿನ ಕೈಯಲ್ಲಿ ಇಟ್ಟುಕೊಂಡೇ ಪ್ಲಾನ್ ಮಾಡಿ. ರಾತ್ರಿ ಊಟಕ್ಕೆ ದುಡ್ಡು ಜಾಸ್ತಿ, ಮಧ್ಯಾಹ್ನವೇ ಸಾಕು.

ನಾನೂ ಸಸ್ಯಾಹಾರಿ

ಆ ಇಬ್ಬರಿಗಾಗಿ ಬರೆಯುತ್ತಿದ್ದೇನೆ. "ಮೀನು ಬೇಡ" ಅಂದರೆ ಸಾಲದು. ಜಪಾನಿನ ಅಡುಗೆಗೆ ದಾಶಿ ಅನ್ನುವ ಸಾರೇ ಆಧಾರ. ಅದನ್ನು ಹೆಚ್ಚಾಗಿ ಒಣ ಮೀನಿನ ಚೂರು ಹಾಕಿ ತೆಗೆಯುತ್ತಾರೆ. ಮಿಸೊ ಸೂಪ್, ಬೇಯಿಸಿದ ತರಕಾರಿ, ಟೆಂಪುರಾ ಅನ್ನುವ ಬಜ್ಜಿ ಅದ್ದಿಕೊಳ್ಳುವ ರಸ, ಎಲ್ಲದರಲ್ಲೂ ಅದು ಇರಬಹುದು. ನಾನು ಕೂತ ಮೇಲೆ ಹೇಳಿದೆ. ನನಗೆ ಸಿಕ್ಕಿದ್ದು ಅನ್ನ, ಉಪ್ಪಿನಕಾಯಿ, ತೋಫು ಅಷ್ಟೇ. ಗೆಳೆಯರು ತಟ್ಟೆ ತಟ್ಟೆ ಸವಿಯುವಾಗ ನಿಜವಾಗಲೂ ನೋವಾಯಿತು. ಇಲ್ಲಿ ಎಲ್ಲರಿಗೂ ಮೊದಲೇ ಗೊತ್ತುಮಾಡಿದ ಊಟ, ಕೊನೇ ಗಳಿಗೆಯಲ್ಲಿ ಬದಲಾಯಿಸುವುದು ಕಷ್ಟ. ಸೀಟು ಕಾದಿರಿಸುವಾಗಲೇ ಕೇಳಿ: ಕೊಂಬು ದಾಶಿಯಲ್ಲಿ, ಅಂದರೆ ಕಡಲ ಪಾಚಿಯ ಸಾರಿನಲ್ಲಿ ಮಾಡಿಕೊಡುತ್ತೀರಾ ಅಂತ. ಆಗಲ್ಲ ಅಂದರೆ ಬೇರೆ ಜಾಗ ನೋಡಿ. ಇಬ್ಬರು ಹಸಿದು ಕೂತರೆ ಐವರಿಗೂ ಊಟ ರುಚಿಸಲ್ಲ, ಅಲ್ವಾ? ಇನ್ನೊಂದು ದಿನ ಕ್ಯೋಟೋದಲ್ಲೇ ಶೋಜಿನ್ ರ‍್ಯೋರಿ ತಿನ್ನಿ. ಅದು ಬೌದ್ಧ ಮಠಗಳ ಅಡುಗೆ, ಮಾಂಸ ಮೀನು ಇರುವುದಿಲ್ಲ.

ಶಾವಿಗೆಯ ಬಗ್ಗೆ

ದೊಡ್ಡ ಊಟ ಬೇಡ ಅನ್ನಿಸಿದರೆ ನಾಗಾಶಿ ಸೋಮೆನ್ ಇದೆ. ನಮ್ಮ ಮಲೆನಾಡಲ್ಲಿ ಅಡಿಕೆ ದಬ್ಬೆಯಲ್ಲಿ ನೀರು ಹರಿಸುತ್ತಾರಲ್ಲ, ಹಾಗೇ ಸೀಳಿದ ಬಿದಿರಿನಲ್ಲಿ ತಣ್ಣೀರಿನ ಜೊತೆ ಶಾವಿಗೆ ತೇಲಿ ಬರುತ್ತದೆ. ಕಡ್ಡಿಯಲ್ಲಿ ಹಿಡಿದು, ರಸದಲ್ಲಿ ಅದ್ದಿ ತಿನ್ನಬೇಕು. ಆ ರಸದಲ್ಲೂ ಮೀನಿರುತ್ತದೆ, ಕೇಳಿಕೊಳ್ಳಿ. ಸಾಲು ಉದ್ದ, ಬೆಳಿಗ್ಗೆ ಬೇಗ ಹೋಗಿ. ನಾವು ಹೋದಲ್ಲಿ ಕೊನೆಗೆ ಗುಲಾಬಿ ಬಣ್ಣದ ಶಾವಿಗೆ ಬಂತು. ಅದು ಬಂದರೆ ಊಟ ಮುಗಿಯಿತು ಅಂತ ಗುರುತು.