ಸಹಾಯ ಬೇಕು: ಸಲೈಟಾ ಗುಡ್ಡದಲ್ಲಿ ಕಂದಕ ಬುಡದಲ್ಲೇ ಯಾಕೆ?

ಗೆಳೆಯರೇ, ಮೊದಲ ಮಹಾಯುದ್ಧದ ಪೂರ್ವ ಆಫ್ರಿಕಾ ಬಗ್ಗೆ ಒಂದು ವಿಡಿಯೋಗೆ ನಕ್ಷೆ ಬರೆಯುತ್ತಾ ಸಿಕ್ಕಿಹಾಕಿಕೊಂಡಿದ್ದೇನೆ. ಈಗಿನ ಕೀನ್ಯಾದ ತವೇಟಾ ಹತ್ತಿರ ಸಲೈಟಾ ಗುಡ್ಡ, 1916ರ ಫೆಬ್ರವರಿ 12. ಬ್ರಿಟಿಷರ ಫಿರಂಗಿಗಳು ಗುಡ್ಡದ ನೆತ್ತಿಗೆ ಗುಂಡು ಸುರಿಸಿದವು, ಆದರೆ ಜರ್ಮನ್ನರ ಅಸ್ಕಾರಿಗಳು (ಅವರ ಪಡೆಯಲ್ಲಿದ್ದ ಆಫ್ರಿಕನ್ ಸೈನಿಕರು) ಕೂತಿದ್ದು ಬುಡದ ಕಂದಕಗಳಲ್ಲಿ. ಆ ಯುದ್ಧಕ್ಕೆ ಹೊಸಬರಾಗಿದ್ದ, ಬ್ರಿಟಿಷರ ಕಡೆಯ ದಕ್ಷಿಣ ಆಫ್ರಿಕಾದ ಪಡೆ ಏಟು ತಿಂದು ಹಿಂದೆ ಸರಿಯಿತು, ಆಗ ಗಟ್ಟಿಯಾಗಿ ನಿಂತವರು 130ನೇ ಬಲೂಚಿಗಳು, ಅಂದರೆ ಅಂದಿನ ಭಾರತೀಯ ಸೇನೆಯವರು (ಇದನ್ನು ಜಾಸ್ತಿ ಯಾರೂ ಹೇಳಲ್ಲ).

ಉಪಗ್ರಹ ಚಿತ್ರ ನೋಡಿದೆ, ಇಳಿಜಾರಿನ ಅಡ್ಡಚಿತ್ರ ಬರೆದೆ, ನೆತ್ತಿಯಿಂದಲೂ ಬುಡದಿಂದಲೂ ಗೆರೆ ಎಳೆದು ನೋಡಿದೆ. ನೆತ್ತಿಯಿಂದ ದೂರದವರೆಗೆ ಕಾಣುತ್ತದೆ, ಬುಡದಿಂದ ಎದುರಿಗಿರುವ ಮುಳ್ಳುಪೊದೆಯೇ ಅಡ್ಡ ಬರುತ್ತದೆ. ಹಾಗಿದ್ದೂ ಕೆಳಗೇ ಯಾಕೆ ತೋಡಿದರು ಅನ್ನೋದೇ ತಲೆಗೆ ಹೋಗ್ತಿಲ್ಲ.

ಸೇನೆಯಲ್ಲಿದ್ದವರು ಯಾರಾದರೂ ಇದ್ದರೆ ಹೇಳಿ: ಇದು ಸುಮ್ನೆ ಫಿರಂಗಿ ಕಣ್ಣಿಗೆ ಬೀಳದಿರಲು ಮಾತ್ರವಾ, ಇಲ್ಲಾ ಮೆಷಿನ್‌ಗನ್ ಗುಂಡು ನೆಲಕ್ಕೆ ಸಮಾನಾಂತರವಾಗಿ ಹೋಗಲಿ ಅಂತಲಾ? ನಕ್ಷೆಯಲ್ಲಿ ಗುಂಡಿನ ಗೆರೆಗಳನ್ನು ಯಾವ ಎತ್ತರದಿಂದ ಎಳೆಯಲಿ?