ಹಿಟ್ಟಿನಲ್ಲಿ ಬೂಸ್ಟಿನ ವಿಷ: ಲ್ಯಾಬ್ ಮೇಡಂನ ಕೇಳಿ

ಅಡ್ಮಿನ್: ಆಹಾರ ಪರೀಕ್ಷೆ ಲ್ಯಾಬ್‌ನಲ್ಲಿ ಕೆಲಸ ಮಾಡುವ ಮೇಡಂ ಇವತ್ತು ಗ್ರೂಪಿನಲ್ಲಿ ಇರುತ್ತಾರೆ. ಕಾಳು, ಹಿಟ್ಟಿನ ಬೂಸ್ಟು ವಿಷದ ಬಗ್ಗೆ ಮಾತ್ರ ಕೇಳಿ. ಶುಭ ಸಂಜೆ ಚಿತ್ರ ಬೇಡ.

ತುಮಕೂರು, ರಾಗಿ ಮಾಲ್ಟ್: ಮೇಡಂ ನಮಸ್ತೆ. ಮನೆಯಲ್ಲೇ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಾಲ್ಟ್ ಮಾಡಿ ಮಾರುತ್ತೇವೆ. ಒಂದು ಕಡೆ ಎಲೈಸಾ ಕಿಟ್‌ನಲ್ಲಿ (ಬಣ್ಣ ನೋಡಿ ವಿಷ ಅಳೆಯೋದು) ಬೂಸ್ಟಿನ ವಿಷ ಅಫ್ಲಾಟಾಕ್ಸಿನ್ 19 ಪಿಪಿಬಿ, ಅಂದರೆ ನೂರು ಕೋಟಿ ಭಾಗದಲ್ಲಿ 19 ಭಾಗ, ಬಂತು. ಅದೇ ಬ್ಯಾಚು ಬೇರೆ ಲ್ಯಾಬ್‌ನಲ್ಲಿ ಎಚ್‌ಪಿಎಲ್‌ಸಿ (ಮಷಿನ್‌ನಲ್ಲಿ ವಿಷ ಬೇರ್ಪಡಿಸಿ ಅಳೆಯೋದು) ಮಾಡಿಸಿದರೆ 6. ಯಾವುದನ್ನ ನಂಬೋದು?

ದಾವಣಗೆರೆ: ಟೆಸ್ಟಿಗೆ ಫೀಸ್ ಎಷ್ಟು?

ಲ್ಯಾಬ್ ಮೇಡಂ: ತುಮಕೂರಿನವರೇ, ಇದು ಸ್ವಲ್ಪ ಬಿಡಿಸಿ ಹೇಳಬೇಕು. ಎಲೈಸಾದಲ್ಲಿ ಲೆಕ್ಕ ಉಲ್ಟಾ, ಬಣ್ಣ ಕಡಿಮೆ ಬಂದಷ್ಟೂ ವಿಷ ಜಾಸ್ತಿ ಅಂತ ಮಷಿನ್ ಓದುತ್ತದೆ. ರಾಗಿ ಸಿಪ್ಪೆಯಲ್ಲಿ ಒಗರು ಇರುತ್ತದಲ್ಲ, ಆ ಟ್ಯಾನಿನ್, ಕಿಟ್‌ನಲ್ಲಿ ವಿಷ ಹಿಡಿಯುವ ಆಂಟಿಬಾಡಿಗೆ ಅಡ್ಡ ಬಂದರೆ ವಿಷ ಇಲ್ಲದೆಯೂ ಬಣ್ಣ ಮಂಕಾಗಿ ಅಂಕಿ ಏರಬಹುದು. ಕಿಟ್ ಜೊತೆ ಬರುವ ಹಾಳೆ ನೋಡಿ. ಮೆಕ್ಕೆಜೋಳ, ಶೇಂಗಾ ಅಂತ ಇದ್ದು ರಾಗಿ ಹೆಸರೇ ಇಲ್ಲದಿದ್ದರೆ ಆ 19ನ್ನು ನಾನಂತೂ ನಂಬುವುದಿಲ್ಲ. ಎಚ್‌ಪಿಎಲ್‌ಸಿಗೆ ಮುಂಚೆ ಸಾಮಾನ್ಯವಾಗಿ ಹಿಟ್ಟಿನಿಂದ ತೆಗೆದ ರಸವನ್ನು ಕಾಲಂ ಅನ್ನೋ ಒಂದು ಸಣ್ಣ ಕೊಳವೆಯಲ್ಲಿ ಇಳಿಸುತ್ತೇವೆ. ವಿಷ ಅದಕ್ಕೆ ಅಂಟಿಕೊಳ್ಳುತ್ತದೆ, ಬಣ್ಣ, ಒಗರು ನೀರಲ್ಲಿ ತೊಳೆದು ಹೋಗುತ್ತವೆ. ಆಮೇಲೆ ಅಫ್ಲಾಟಾಕ್ಸಿನ್‌ನ ಬಗೆಗಳಾದ ಬಿ1, ಬಿ2, ಜಿ1, ಜಿ2 ಬೇರೆ ಬೇರೆಯಾಗಿ ಕಾಣುತ್ತವೆ. ರಿಪೋರ್ಟಿನಲ್ಲಿ ಬಿ1 ಎಷ್ಟಿದೆ ನೋಡಿ. ಧಾನ್ಯಕ್ಕೆ ನಮ್ಮಲ್ಲಿ ಒಟ್ಟು ಮಿತಿ 15, ಬಿ1 ಒಂದಕ್ಕೇ 10.

ಆದರೆ 6 ಬಂತು ಅಂತ ಖುಷಿ ಪಡಬೇಡಿ. ವಿಷ ಚೀಲದ ತುಂಬ ಸಮನಾಗಿ ಇರುವುದಿಲ್ಲ, ಎಲ್ಲೋ ಬೂಸ್ಟು ಹಿಡಿದ ಒಂದು ಹಿಡಿ ಕಾಳಲ್ಲೇ ಇರುತ್ತದೆ. ಸ್ಯಾಂಪಲ್ ಹೇಗೆ ತೆಗೆದಿರಿ? ಮೋಡ ಇದ್ದ ದಿನ ಮೊಳಕೆ ಒಣಗಲು ಎಷ್ಟು ಹೊತ್ತು ಬೇಕು?

ಮಂಡ್ಯ: ನೋಟು ನೋಡೋ ನೀಲಿ ಟಾರ್ಚ್ ಹಿಡಿದರೆ ಗೊತ್ತಾಗುತ್ತಂತೆ?

ಲ್ಯಾಬ್ ಮೇಡಂ: ಮೆಕ್ಕೆಜೋಳದಲ್ಲಿ ಹಸಿರು-ಹಳದಿ ಹೊಳೆಯುವುದು ಬೂಸ್ಟು ಬಿಡುವ ಕೋಜಿಕ್ ಆಮ್ಲದಿಂದ, ವಿಷದಿಂದ ಅಲ್ಲ. ಹೊಳೆದರೂ ವಿಷ ಇಲ್ಲದಿರಬಹುದು, ಹೊಳೆಯದೆಯೂ ಇರಬಹುದು. ಯಾವ ಚೀಲ ಲ್ಯಾಬ್‌ಗೆ ಕಳಿಸಬೇಕು ಅನ್ನೋದಕ್ಕೆ ಅಷ್ಟೇ.

ಮೈಸೂರು: ಫಾರ್ವರ್ಡ್: ಅರಿಶಿನ ಉಪ್ಪು ನೀರಲ್ಲಿ ಕಾಳು ನೆನೆಸಿದರೆ ಅಫ್ಲಾಟಾಕ್ಸಿನ್ ಸತ್ತು ಹೋಗುತ್ತದೆ. ಎಲ್ಲರಿಗೂ ತಿಳಿಸಿ 🙏

ಲ್ಯಾಬ್ ಮೇಡಂ: ಸಾಯೋಕೆ ಅದಕ್ಕೆ ಜೀವ ಎಲ್ಲಿದೆ? ಅದೊಂದು ರಾಸಾಯನಿಕ. ಕುಕ್ಕರ್ 120 ಡಿಗ್ರಿ ಮುಟ್ಟುತ್ತದೆ, ಇದು ಪೂರ್ತಿ ಒಡೆಯಲು 250ರ ಆಸುಪಾಸು ಬೇಕು. ನೆನೆಸಿ ಸರಿಯಾಗಿ ಒಣಗಿಸದಿದ್ದರೆ ಬೂಸ್ಟು ಇನ್ನೂ ಜಾಸ್ತಿ. ದಯವಿಟ್ಟು ಡಿಲೀಟ್ ಮಾಡಿ.

ಮೈಸೂರು: ಹುರಿದರೆ?

ಲ್ಯಾಬ್ ಮೇಡಂ: ಪೂರ್ತಿ ಹೋಗಲ್ಲ.

ಹಾವೇರಿ, ರೈತ: ನಮ್ಮ ಮೆಕ್ಕೆಜೋಳ ಅಫ್ಲಾ ಟೆಸ್ಟಲ್ಲಿ ಪಾಸು. ಕೋಳಿ ಫೀಡಿನವರು ಈಗ ಫ್ಯುಮೋನಿಸಿನ್ ಕೇಳ್ತಿದ್ದಾರೆ. ಸುಮ್ನೆ ರೇಟು ಇಳಿಸೋಕೆ ತಾನೆ?

ಲ್ಯಾಬ್ ಮೇಡಂ: ಅಲ್ಲ. ಫ್ಯುಮೋನಿಸಿನ್ ಬೂಸ್ಟಿನ ಇನ್ನೊಂದು ವಿಷ, ಅಫ್ಲಾ ಟೆಸ್ಟಿಗೆ ಅದು ಕಾಣುವುದೇ ಇಲ್ಲ. ಅದು ಮಷಿನ್‌ನ ಬೆಳಕಿಗೆ ತಾನಾಗಿ ಹೊಳೆಯುವುದಿಲ್ಲ, ಒಪಿಎ ಅನ್ನೋ ರಾಸಾಯನಿಕ ಸೇರಿಸಿ ಹೊಳೆಯುವಂತೆ ಮಾಡಬೇಕು, ಇಲ್ಲಾ ಅಣುವಿನ ತೂಕ ನೋಡಿ ಗುರುತಿಸುವ ಎಲ್‌ಸಿ-ಎಂಎಸ್ ಮಷಿನ್ ಬೇಕು. 1995ರಲ್ಲಿ ದಖ್ಖನ್ನಿನ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆಂದ ಜೋಳ, ಮೆಕ್ಕೆಜೋಳ ತಿಂದು ಜನಕ್ಕೆ ಹೊಟ್ಟೆನೋವು, ಭೇದಿ ಆಯಿತು. ಆ ಕಾಳಲ್ಲಿ ಸಿಕ್ಕಿದ್ದು ಇದೇ.

ರಾಣೆಬೆನ್ನೂರು, ವ್ಯಾಪಾರಿ: ಟಾರ್ ರೋಡ್ ಮೇಲೆ ಒಣಗಿಸಿ, ರಾತ್ರಿ ಇಬ್ಬನಿಗೆ ಬಿಟ್ಟು, ಹಸಿ ಮಾಲನ್ನೇ ತರ್ತಾರೆ. 14 ಪರ್ಸೆಂಟ್ ತೇವ ಅಂದರೆ ಜಗಳಕ್ಕೆ ಬರ್ತಾರೆ.

ಹಾವೇರಿ, ರೈತ: ಅಣ್ಣ, ನಿಮ್ಮ ಗೋಡೌನ್ ತಗಡು ಸೋರೋದು ಊರಿಗೇ ಗೊತ್ತು. ತೂಕಕ್ಕೆ ತೇವ ಕಳೀತೀರಿ, ಆಮೇಲೆ ಅಲ್ಲೇ ನೆನೆಸ್ತೀರಿ.

ರಾಣೆಬೆನ್ನೂರು, ವ್ಯಾಪಾರಿ: ಬಾಯಿಗೆ ಬಂದಂಗೆ ಬರೀಬೇಡಿ.

ದಾವಣಗೆರೆ: ಫೀಸ್ ಎಷ್ಟು ಮೇಡಂ?

ಮಂಡ್ಯ: ನಾಟಿ ರಾಗಿಗೆ ಬೂಸ್ಟೇ ಹಿಡಿಯಲ್ಲ, ಇದೆಲ್ಲ ಹೈಬ್ರಿಡ್ ಕಾಯಿಲೆ.

ಹಾವೇರಿ, ರೈತ: ಕಣದಲ್ಲಿ ಮಳೆ ಹೊಡೆದರೆ ಬೂಸ್ಟು ತಳಿ ಕೇಳ್ಕೊಂಡು ಬರುತ್ತಾ?

ತುಮಕೂರು, ರಾಗಿ ಮಾಲ್ಟ್: ಮೇಡಂ, ಡಬ್ಬದ ಮೇಲಿಂದ ಒಂದು ಪ್ಯಾಕೆಟ್ ತುಂಬಿ ಕಳಿಸಿದ್ದೆ. ಮೋಡ ಇದ್ದರೆ ಫ್ಯಾನ್ ಕೆಳಗೆ ಹರಡ್ತೀವಿ, ಎರಡು ದಿನ ಹಿಡಿಯುತ್ತೆ.

ಲ್ಯಾಬ್ ಮೇಡಂ: ಆ ಎರಡು ದಿನವೇ ನನಗೆ ಭಯ. ಡ್ರೈಯರ್ ಬಾಡಿಗೆಗೆ ಸಿಗುತ್ತಾ ನೋಡಿ. ಈ ಬ್ಯಾಚು ಸದ್ಯ ಮಾರಬೇಡಿ, ಮಕ್ಕಳು ಕುಡಿಯೋದು. ಪ್ರತಿ ಡಬ್ಬದ ಮೇಲೆ, ಮಧ್ಯ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಎಲ್ಲ ಕಲಸಿ, ಅದರಿಂದ ಒಂದು ಕಿಲೋ ಎಚ್‌ಪಿಎಲ್‌ಸಿಗೆ ಕಳಿಸಿ. ರಾಗಿಯಲ್ಲಿ ರಿಕವರಿ ಎಷ್ಟು ಬರುತ್ತೆ ಅಂತ ಲ್ಯಾಬ್‌ನವರನ್ನ ಕೇಳಿ. ಗೊತ್ತಿರುವಷ್ಟು ವಿಷ ಬೆರೆಸಿ ಎಷ್ಟು ವಾಪಸ್ ಸಿಕ್ಕಿತು ಅನ್ನೋ ಲೆಕ್ಕ ಅದು. ಹೇಳದಿದ್ದರೆ ಬೇರೆ ಲ್ಯಾಬ್ ನೋಡಿ.

ಮೈಸೂರು: ಅರಿಶಿನ ಬೇಡ, ಬೇವಿನ ಎಲೆ ಹಾಕಿದರೆ?

ಅಡ್ಮಿನ್: ಮೇಡಂ ಹೊರಟರು. ತಗಡಿನ ಜಗಳ ಫೋನಲ್ಲಿ ಆಡಿಕೊಳ್ಳಿ.

ದಾವಣಗೆರೆ: ಫೀಸ್ ಒಬ್ಬರೂ ಹೇಳಲಿಲ್ಲವಲ್ರೀ.